ತೂತಿಲ್ಲದ ಬಂದೂಕು

ಬಂದೂಕಿಗೆ ತೂತು ಇರಲೇಬೇಕೆ ಎಂಬುದು ಸಣ್ಣ ಪ್ರಶ್ನೆಯಲ್ಲ. ರಾಜ್ಯಗಳ ಏಳುಬೀಳು ಕಂಡ ಬಾದಾಮಿಯ ಬಂಡೆಗಳು ಇದಕ್ಕೆ ಉತ್ತರ ಹೇಳಿಲ್ಲ. ಚಾಲುಕ್ಯರ ಕಾಲಕ್ಕೆ ಬಂದೂಕೇ ಇರಲಿಲ್ಲವಾದ್ದರಿಂದ ಅವರನ್ನು ದೂರುವಂತೆಯೂ ಇಲ್ಲ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಅಷ್ಟೊಂದು ಕಾಲೇಜುಗಳಿದ್ದರೂ ಅಲ್ಲಿನ ಯಾರೂ ಈ ಬಗ್ಗೆ ಪ್ರಬಂಧ ಮಂಡಿಸಿದ ಸುದ್ದಿಯಿಲ್ಲ. ಕಡೆಗೆ ಇದನ್ನು ಇತ್ಯರ್ಥ ಮಾಡುವ ಹೊಣೆ, ಕಳೆದ ಶ್ರಾವಣದಿಂದ ದಸರೆಯ ಮಾನವಮಿಯ ತನಕ, ಇಳಕಲ್ಲಿನ ಒಬ್ಬ ನೇಕಾರ, ಮಲಪ್ರಭೆಯ ದಂಡೆಯ ಒಬ್ಬ ಕುರಿಗಾರ ಮತ್ತು ಒಬ್ಬ ಹವಾಲ್ದಾರನ ಕಿರುಬೆರಳಿನ ಮೇಲೆ ಬಿತ್ತು.

ನೇಕಾರನ ಹೆಸರು ಶಿವಲಿಂಗಪ್ಪ. ಅವನ ಮನೆಯ ಪಡಸಾಲೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ಒಂದರಲ್ಲಿ ಈಗಲೂ ಹೆಂಡತಿ ದುರ್ಗವ್ವ ಸೀರೆ ನೇಯುತ್ತಾಳೆ. ಇನ್ನೊಂದನ್ನು, ಮೊಣಕಾಲು ತುಳಿಯಲು ಒಲ್ಲೆ ಎಂದ ಮೇಲೆ, ಶಿವಲಿಂಗಪ್ಪ ಬಿಚ್ಚಿಹಾಕಿದ. ಮಗ್ಗ ಹೋಯಿತು, ಕುಣಿ ಉಳಿಯಿತು. ಜೀವಮಾನವೆಲ್ಲ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತವನಿಗೆ ಕುರ್ಚಿಯ ಮೇಲೆ ಕೂತರೆ ತನ್ನ ಕಾಲು ಬೇರೆ ಯಾರದೋ ಅನಿಸುತ್ತಿತ್ತು. ಹೀಗಾಗಿ ಅದೇ ಕುಣಿಯ ಅಂಚಿಗೆ ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸು ಬಿಗಿದು, ಉಳಿ, ಗರಗಸ, ಉಜ್ಜುವ ದಪ್ಪ ಸಣ್ಣ ಕಾನಸುಗಳನ್ನು ಸುತ್ತ ಹರವಿಕೊಂಡು ಬಂದೂಕು ಮಾಡಲು ಕೂತ.

ಬಂದೂಕೇ ಯಾಕೆ ಎಂದು ಮಂದಿ ಕೇಳುತ್ತಿದ್ದರು. ಅವನು ಯಾರ ಮೇಲೂ ಸಿಟ್ಟಾದವನಲ್ಲ. ಇಲಿ ಬೋನಿಗೆ ಬಿದ್ದರೆ ಊರ ಹೊರಗೆ ಬಿಟ್ಟು ಬರುವವನು. ಅವನಿಗೆ ಬೇಕಾಗಿದ್ದದ್ದು ಕಬ್ಬಿಣ ಮತ್ತು ಕಟ್ಟಿಗೆ ಒಂದಕ್ಕೊಂದು ಕೂಡುವ ಜಾಗ. ಅಲ್ಲಿ ರೇಷ್ಮೆಯ ಒಂದು ಎಳೆ ಸಹ ನುಸುಳಬಾರದು ಎಂಬುದು ಅವನ ಹಟ. ನುಸುಳುತ್ತದೋ ಎಂದು ನೋಡಲು ದುರ್ಗವ್ವನ ಮಗ್ಗದಿಂದಲೇ ಒಂದೊಂದು ಎಳೆ ಕೀಳುತ್ತಿದ್ದ. ಕಬ್ಬಿಣಕ್ಕೆ ಹೊಳಪು ಕೊಡಲು ಗ್ರಾನೈಟ್ ಕಾರ್ಖಾನೆಯಿಂದ ಕೆಂಪು ಕಲ್ಲಿನ ಹುಡಿ ತರುತ್ತಿದ್ದ. ಕಟ್ಟಿಗೆಗೆ ಕುಸುಬಿ ಎಣ್ಣೆ ತಿಕ್ಕುತ್ತಿದ್ದ. ಮನೆಯೆಲ್ಲ ಈಗಷ್ಟೇ ಒಗ್ಗರಣೆ ಹಾಕಿದಂತೆ ವಾಸನೆ.

"ಮನಿ ಮಂದಿಗೆ ಒಣಾ ರೊಟ್ಟಿ, ಬಂದೂಕಕ್ಕ ಎಣ್ಣಿ," ಎಂದು ದುರ್ಗವ್ವ ಮಗ್ಗದಿಂದಲೇ ಅನ್ನುವಳು. "ಮುಂದಿನ ಜನ್ಮಕ್ಕ ನಿಮ್ಮ ಮನ್ಯಾಗ ಬಂದೂಕಾಗಿ ಹುಟ್ತೇನಿ ನೋಡ್ರಿ."

ಅವನ ಬಂದೂಕುಗಳಲ್ಲಿ ಎಲ್ಲವೂ ಇರುತ್ತಿತ್ತು: ಹೆಗಲಿಗೆ ಆನಿಸುವ ದಸ್ತಾ, ಕುದುರೆ, ಎಳೆದರೆ ಟಕ್ ಎನ್ನುವ ಕೀಲು. ಒಂದು ಮಾತ್ರ ಇರಲಿಲ್ಲ. ನಳಿಗೆಯ ಜಾಗದಲ್ಲಿ ಅವನು ಕೂಡಿಸುತ್ತಿದ್ದದ್ದು ಗಟ್ಟಿ ಸಲಾಕೆ.

ನೇಕಾರರ ಓಣಿಯಲ್ಲಿ ಬಂದೂಕು ತಯಾರಾಗುತ್ತಿದೆ ಎಂದು ಯಾರೋ ಠಾಣೆಯ ಕಿವಿಗೆ ಹಾಕಿದ್ದರಿಂದ, ಕೆಲವು ವರ್ಷಗಳ ಹಿಂದೆ ಹವಾಲ್ದಾರ ನಬಿಸಾಬ ವಿಚಾರಣೆಗೆ ಬಂದಿದ್ದ.

"ಎಲ್ಲೈತ್ರಿ ಬಂದೂಕ?"

"ಗ್ವಾಡಿಗೆ ತೂಗಬಿಟ್ಟೇನಲ್ರಿ, ಕ್ಯಾಲೆಂಡರ ಮಗ್ಗಲಕ."

ನಬಿಸಾಬ ಇಳಿಸಿಕೊಂಡು ನೋಡಿದ, ತೂಗಿದ, ಕುದುರೆ ಎಳೆದು ಬಿಟ್ಟ. ಟಕ್ ಎಂದಿತು. ಆಮೇಲೆ ನಳಿಗೆಯ ಬಾಯಿಗೆ ಕಿರುಬೆರಳು ಒತ್ತಿದ. ಬೆರಳು ಹೋಗಲಿಲ್ಲ.

"ತೂತ ಎಲ್ಲೈತಿ?"

"ಇಲ್ರಿ."

"ಮತ್ತ ಗುಂಡ ಎಲ್ಲಿಂದ ಹೊಂಡತೈತಿ?"

"ಹೊಂಡೂದಿಲ್ರಿ."

"ಹಂಗಾರ ಇದು ಬಂದೂಕ ಹೆಂಗಾತು?"

"ಕೆಲಸ ಒಂದ ಮಾಡೂದಿಲ್ರಿ. ಉಳಿದದ್ದೆಲ್ಲಾ ಐತಿ."

"ನಮ್ಮ ಠಾಣ್ಯಾಗೂ ಅಂಥಾವ್ರು ಇಬ್ಬರು ಅದಾರ," ಎಂದು ನಬಿಸಾಬ ಅದನ್ನು ಮತ್ತೆ ಗೋಡೆಗೆ ತೂಗುಹಾಕಿದ. ಚಹಾ ಕುಡಿದು ಏಳುವಾಗ ಮಾತ್ರ ಮುಖ ಬಿಗಿಮಾಡಿ ಹೇಳಿದ: "ಯಜಮಾನ್ರ, ಏನರ ಮಾಡ್ಕೊರ್ರಿ. ತೂತ ಒಂದ ಮಾಡಬ್ಯಾಡ್ರಿ. ತೂತ ಬಿತ್ತಂದ್ರ ನಾ ಬ್ಯಾರೆ ನಬಿಸಾಬ."

ಶಿವಲಿಂಗಪ್ಪ ಮಗ್ಗದ ಮೇಲಿನ ನೂಲು ಮುಟ್ಟಿ ಆಣೆ ಮಾಡಿದ. ದುರ್ಗವ್ವ ತಲೆ ಎತ್ತಿದಳು. "ನನ್ನ ನೂಲ ಮುಟ್ಟೀರಿ. ಮಾತ ತಪ್ಪಿದ್ರ ಹರಿಯೂದು ನನ್ನ ಸೀರಿ, ನೆನಪಿರ್ಲಿ."

ಅಲ್ಲಿಗೆ ಇಳಕಲ್ಲಿನ ಮಟ್ಟಿಗೆ ಪ್ರಶ್ನೆ ಮುಗಿದಿತ್ತು. ನಬಿಸಾಬನಿಗೆ ಬಾದಾಮಿ ಕಡೆಯ ಒಂದು ಠಾಣೆಗೆ ವರ್ಗವಾಗದಿದ್ದರೆ ಅದು ಮತ್ತೆ ಏಳುತ್ತಲೂ ಇರಲಿಲ್ಲ.

ಶ್ರಾವಣದ ಒಂದು ಮುಂಜಾನೆ ಹುಲ್ಲಪ್ಪ ಎಂಬವನು ವಿಳಾಸ ಕೇಳುತ್ತ ಬಂದ. ಶಿವಯೋಗ ಮಂದಿರದ ಆಚೆ, ಹೊಳೆಯ ದಂಡೆಯ ಊರಿನವನು. ಹೊಲವೂ ಉಂಟು, ಕುರಿಯೂ ಉಂಟು. ಬರಿಗೈಯಲ್ಲಿ ಬರಬಾರದೆಂದು ಹೊಸದೊಂದು ಕಂಬಳಿ ತಂದಿದ್ದ. ಅದನ್ನು ಶಿವಲಿಂಗಪ್ಪನ ಮುಂದಿಟ್ಟು ಗೋಡೆಯ ಕಡೆ ನೋಡಿದ.

"ನಬಿಸಾಬ್ರು ಹೇಳಿದ್ದು ಖರೆ ಐತಿ ಬಿಡ್ರಿ, ಕಾಕಾ. ನನಗೊಂದ ಬಂದೂಕ ಬೇಕಾಗೇತಿ."

ಅವನ ಕಷ್ಟ ಹೀಗಿತ್ತು. ಅವರ ಮನೆಯಲ್ಲಿ ತಲೆಮಾರಿನಿಂದ ಬಂದ ಒಂದು ಬಂದೂಕು; ಬೆಳೆ ಕಾಯಲು ಎಂದು ಅಪ್ಪನ ಹೆಸರಿಗೆ ಲೈಸೆನ್ಸು. ಅಪ್ಪ ತೀರಿಕೊಂಡ. "ಹೊಲ ನನ್ನ ಹೆಸರಿಗಾತು, ಕುರಿ ನನ್ನ ಬೆನ್ನ ಹತ್ತಿ ಬಂದ್ವು. ಬಂದೂಕೂ ಹಂಗಽ ಬರತೈತಿ ಅಂತ ತಿಳದಿದ್ನಿ," ಎಂದ ಹುಲ್ಲಪ್ಪ. ಚುನಾವಣೆ ಬಂದಾಗ ಎಲ್ಲರಂತೆ ಅವನೂ ಬಂದೂಕನ್ನು ಠಾಣೆಗೆ ಒಪ್ಪಿಸಿದ. ಚುನಾವಣೆ ಮುಗಿದ ಮೇಲೆ ಎಲ್ಲರಂತೆ ಕೇಳಲು ಹೋದ. ಲೈಸೆನ್ಸು ಇದ್ದವನೇ ಬಂದು ತೆಗೆದುಕೊಂಡು ಹೋಗಲಿ ಎಂದರು. ಲೈಸೆನ್ಸು ಇದ್ದವನು ಬರುವ ಸ್ಥಿತಿಯಲ್ಲಿರಲಿಲ್ಲ. ಇನ್ನು ಹುಲ್ಲಪ್ಪನ ಹೆಸರಿಗೆ ಹೊಸ ಲೈಸೆನ್ಸು ಆಗುವ ತನಕ ಬಂದೂಕು ಅಲ್ಲಿಯೇ.

"ಹಂದಿ ಕಾಯಾಕೇನ ಬಂದೂಕ ಬೇಕಿಲ್ಲ ಕಾಕಾ, ಈಗ ಎಲ್ಲಾರೂ ತಂತಿಬೇಲಿ ಹಾಕ್ಯಾರ. ಖಂಡೇ ಪೂಜಿಗೆ ಬೇಕು."

ಮಾನವಮಿಯ ದಿನ ಅವರ ಊರ ಬೀರಪ್ಪನ ಗುಡಿಯಲ್ಲಿ ಕರಿ ಕಂಬಳಿ ಹಾಸುತ್ತಾರೆ. ಅಣ್ಣತಮ್ಮಂದಿರ ಮನೆಗಳವರು ತಮ್ಮ ತಮ್ಮ ಆಯುಧವನ್ನು ಸಾಲಾಗಿ ಅದರ ಮೇಲೆ ಇಡುತ್ತಾರೆ. ಮೊದಲ ಜಾಗ ಹುಲ್ಲಪ್ಪನ ಮನೆಯ ಬಂದೂಕಿಗೆ. ಅವನ ಮುತ್ತ್ಯಾ, ಅಂದರೆ ಅಜ್ಜ, ಅದರಿಂದಲೇ ಹಿಂಡಿಗೆ ಬಿದ್ದ ತೋಳ ಓಡಿಸಿದ್ದನಂತೆ. ಆಯುಧ ಬರಲಿಲ್ಲವೆಂದರೆ ಮೊದಲ ಜಾಗ ಪಕ್ಕದ ಮನೆಗೆ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಕಳೆದ ವರ್ಷ ಸಾವಿನ ಮನೆಯೆಂದು ಪೂಜಾರಿ ಸೋಮಲಿಂಗ ಬಿಟ್ಟುಕೊಟ್ಟ. ಈ ವರ್ಷ ಬಿಡಲಾರೆ ಎಂದಿದ್ದಾನೆ. ಪಕ್ಕದ ಮನೆ ಹುಲ್ಲಪ್ಪನ ಚಿಕ್ಕಪ್ಪನ ಮಗ ಕಾಳಪ್ಪನದು. ಅವನು ಹೊಸದಾಗಿ ಬ್ಯಾಟರಿ ಪಂಪು ತಂದಿದ್ದಾನೆ.

"ತೋಳ ಓಡಿಸಿದ ಬಂದೂಕಿನ ಜಾಗದಾಗ ಕೀಡಿಗೆ ಎಣ್ಣಿ ಹೊಡಿಯೋ ಪಂಪ ಕುಂದ್ರತೈತಿ, ಕಾಕಾ. ನಮ್ಮವ್ವ ಇನ್ನೂ ಜೀವಂತ ಅದಾಳ. ಅಕಿ ಕಣ್ಣೀಲೆ ಅದನ್ನ ನೋಡಬೇಕನ?"

ಶಿವಲಿಂಗಪ್ಪ ಆಗಲೇ ಮನಸ್ಸಿನಲ್ಲಿ ಕಟ್ಟಿಗೆ ಆರಿಸುತ್ತಿದ್ದ. "ಮಾಡೂನು," ಎಂದ.

"ಒಂದ ಮಾತು. ಹೊಸಾದಾದ್ರೂ ನಡೀತೈತಿ ಅಂದಾನ ಪೂಜಾರಿ. ಆದ್ರ ಬಾಯಿ ಇರಬೇಕಂತ. ವರ್ಷಾ ಅಂವಾ ನಳಿಗಿ ಬಾಯಾಗ ಒಂದ ಚಿಟಿಕಿ ಭಂಡಾರ ಹಾಕ್ತಾನ. ಹಾಕಾಕ ಜಾಗಾ ಬೇಕಲ್ಲ? ಒಂದ ತೂತ ಕೊರದಬಿಡ್ರಿ."

"ಅದೊಂದ ಆಗೂದಿಲ್ಲ ತಮ್ಮಾ."

"ಉದ್ದಕ ಬ್ಯಾಡ್ರಿ. ಒಂದ ಗೇಣು."

"ಗೇಣೂ ಇಲ್ಲ. ಆಣಿ ಮಾಡೇನಿ."

ದುರ್ಗವ್ವನ ಮಗ್ಗ ನಿಂತಿತ್ತು. ಅದು ನಿಂತಿತೆಂದರೆ ಇಷ್ಟು ಹೊತ್ತು ಅವಳು ಕೇಳಿಸಿಕೊಳ್ಳುತ್ತಿದ್ದಳು, ಈಗ ಮಾತಾಡುತ್ತಾಳೆ ಎಂದರ್ಥ.

"ಮೊದಲ ಹಳೇದನ್ನ ಹೋಗಿ ನೋಡಿ ಬರ್ರಿ. ಒಡಲ ನೋಡದ ಸೆರಗ ನೇಯಾಕ ಬರತೈತೇನು? ಜಗಳಾ ಆಮ್ಯಾಲ ಮಾಡೀರಂತ."

ಇಬ್ಬರೂ ಹುನಗುಂದದಲ್ಲಿ ಬಸ್ಸು ಬದಲಿಸಿ ಠಾಣೆಗೆ ಹೋದರು. ನಬಿಸಾಬ ಒಳಕೋಣೆಯಿಂದ ಬಂದೂಕನ್ನು ತಂದು ಮೇಜಿನ ಮೇಲಿಟ್ಟ. "ನನ್ನ ಕಣ್ಣ ಮುಂದ ನೋಡ್ರಿ, ನನ್ನ ಕಣ್ಣ ಮುಂದ ಬಿಡ್ರಿ," ಎಂದ. ಇಷ್ಟು ಬಂದೂಕು ಮಾಡಿದ ಶಿವಲಿಂಗಪ್ಪ ನಿಜವಾದ ಬಂದೂಕನ್ನು ಮುಟ್ಟುತ್ತಿದ್ದದ್ದು ಅದೇ ಮೊದಲು. ಕೈಯನ್ನು ಧೋತರಕ್ಕೆ ಒರೆಸಿಕೊಂಡು ಮುಟ್ಟಿದ. ಕಬ್ಬಿಣ ಮತ್ತು ಕಟ್ಟಿಗೆ ಕೂಡಿದ ಕಡೆ ಉಗುರು ಹಾಯಿಸಿದ. ಉಗುರು ಸಲೀಸಾಗಿ ಒಳಗೆ ಹೋಯಿತು. ಅವನ ಮುಖದಲ್ಲಿ ಮೂಡಿದ ಸಮಾಧಾನವನ್ನು ನೋಡಿದವರು ಅದನ್ನು ಭಕ್ತಿ ಎಂದು ತಿಳಿದರು.

ಅಳತೆಗೆ ಅವನು ಪಟ್ಟಿ ತಂದಿರಲಿಲ್ಲ, ನೂಲು ತಂದಿದ್ದ. ದಸ್ತಾದಿಂದ ಕುದುರೆಗೆ ಒಂದು ಗಂಟು, ಕುದುರೆಯಿಂದ ಬಾಯಿಗೆ ಇನ್ನೊಂದು. ಕೊನೆಗೆ ನಳಿಗೆಯ ಆಳ ನೋಡಲು ಮಗ್ಗದ ಒಂದು ಬಿದಿರು ಕಡ್ಡಿಯನ್ನು ಬಾಯೊಳಗೆ ಇಳಿಬಿಟ್ಟ. ಕಡ್ಡಿ ಇಳಿಯುತ್ತಲೇ ನಿಂತಿತು.

"ನಬಿಸಾಬ್ರ, ಇದಕೂ ತೂತಿಲ್ರಿ."

"ಹುಚ್ಚ ಹಿಡದೈತೇನ್ರಿ? ಇದು ಖರೇ ಬಂದೂಕು." ನಬಿಸಾಬ ಕಡ್ಡಿ ಕಸಿದುಕೊಂಡು ತಿವಿದ. ಮೇಜಿಗೆ ತಿವಿದಂತಾಯಿತು. ಕಿರುಬೆರಳು ಇಟ್ಟ. ಉಗುರು ಮುಳುಗಿತು, ಅಷ್ಟೆ. ಹೊರಗೆ ತೆಗೆದಾಗ ಉಗುರಿನ ತುದಿ ಹಳದಿಯಾಗಿತ್ತು. ಮೂಸಿ ನೋಡಿದ. "ಅರಿಷಿಣ!"

"ಭಂಡಾರ," ಎಂದ ಹುಲ್ಲಪ್ಪ, ಸಣ್ಣ ದನಿಯಲ್ಲಿ. "ಆದ್ರ ಅಂವಾ ಹಾಕತಿದ್ದದ್ದು ವರ್ಷಕ್ಕ ಒಂದ ಚಿಟಿಕಿ. ಚಿಟಿಕೀಲೆ ನಳಿಗಿ ತುಂಬತೈತೇನ್ರಿ? ಮ್ಯಾಲ ಹಾಲ ಎರೀತಾರ, ಅದು ಬ್ಯಾರೆ ಮಾತು."

ಹಾಲಿನಲ್ಲಿ ಕಲಸಿ ಒಣಗಿದ ಅರಿಷಿಣ ಸಿಮೆಂಟಿನಂತೆ ಕೂತಿತ್ತು.

"ಅಂದ್ರ ಇಷ್ಟ ದಿನಾ," ಎಂದ ನಬಿಸಾಬ, "ಸರಕಾರ ಒಂದ ಅರಿಷಿಣದ ಡಬ್ಬಿಗೆ ಪಹರೆ ಕೊಟ್ಟೈತಿ."

ಹುಲ್ಲಪ್ಪ ಅವನ ಕೈ ಹಿಡಿದ. "ಸಾಹೇಬ್ರ, ಊರಾಗ ಯಾರಿಗೂ ಹೇಳಬ್ಯಾಡ್ರಿ. ತೋಳ ಓಡಿಸಿದ ಮನಿ ಅಂತ ತಲಿ ಎತ್ತಿ ಅಡ್ಡಾಡೇವಿ."

ನಬಿಸಾಬ ಹೇಳುವುದಿಲ್ಲವೆಂದ. ಶಿವಲಿಂಗಪ್ಪ ಮಾತ್ರ ಬೇರೆಯದೇ ಯೋಚನೆಯಲ್ಲಿದ್ದ. ಹಳೆಯದರಲ್ಲಿ ಎಷ್ಟು ಕುಳಿ ಉಳಿದಿದೆಯೋ ಹೊಸದಕ್ಕೂ ಅಷ್ಟೇ ಕುಳಿ ಕೊಡಬಹುದಲ್ಲವೇ, ಅದನ್ನು ಕಾಯಿದೆ ಏನೆಂದು ಕರೆಯುತ್ತದೆ ಎಂದು ಕೇಳಿದ. ನಬಿಸಾಬ ಮೇಲಿನ ಫ್ಯಾನನ್ನು ನೋಡುತ್ತ ಯೋಚಿಸಿದ. ಅನಂತರ ಅವನು ಕಿರುಬೆರಳು ಎತ್ತಿ ಕೊಟ್ಟ ತೀರ್ಪು ಯಾವ ಕಾಯಿದೆ ಪುಸ್ತಕದಲ್ಲೂ ಇದ್ದಂತಿಲ್ಲ:

"ಉಗುರ ಮುಳುಗಿದ್ರ ಕುಳಿ. ಬಟ್ಟ ಮುಳುಗಿದ್ರ ತೂತು. ಬಟ್ಟ ನಂದು."

ಬಿಚ್ಚಿದ ಮಗ್ಗದ ಸಾಗವಾನಿ ತೊಲೆ ಅಟ್ಟದ ಮೇಲಿತ್ತು. ಎಷ್ಟೋ ಸೀರೆಗಳನ್ನು ತನ್ನ ಮೈಗೆ ಸುತ್ತಿಕೊಂಡು ನುಣುಪಾದ ಮರ. ಶಿವಲಿಂಗಪ್ಪ ಅದನ್ನು ಇಳಿಸಿ, ನೂಲಿನ ಗಂಟುಗಳನ್ನು ಅದರ ಮೇಲೆ ಹಾಸಿ, ಗರಗಸ ಹಚ್ಚಿದ. ಭಾದ್ರಪದವೆಲ್ಲ ಕುಣಿಯಿಂದ ಕಾನಸಿನ ಸದ್ದು, ಪಕ್ಕದ ಕುಣಿಯಿಂದ ಲಾಳಿಯ ಸದ್ದು. ಹಳೆಯ ಬಂದೂಕಿನಲ್ಲಿ ಉಗುರು ಹೋಗುತ್ತಿದ್ದ ಸಂದನ್ನು ಹೊಸದರಲ್ಲಿಯೂ ಬಿಡಬೇಕೇ ಎಂಬ ಪ್ರಶ್ನೆ ಎದ್ದಿತು. ಮಾದರಿಗೆ ನಿಷ್ಠನಾಗಬೇಕೆಂದರೆ ಬಿಡಬೇಕು. ಅವನು ಎರಡು ದಿನ ಅನ್ನ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ಬಿಡಲಿಲ್ಲ.

ಕೀಲು ಕೂಡಿಸಿದ ದಿನ ಹುಲ್ಲಪ್ಪನಿಗೆ ಫೋನು ಹಚ್ಚಿ, ಬಂದೂಕಿನ ಹತ್ತಿರ ಹಿಡಿದು ಕುದುರೆ ಬಿಟ್ಟ. ಟಕ್.

"ಕೇಳ್ತೇನು?"

"ತಡೀರಿ, ಅವ್ವಗ ಕೊಡ್ತೇನಿ. ಅಕಿಗೆ ಗೊತ್ತು."

ಅವನ ತಾಯಿ ರಂಗವ್ವನ ದನಿ ಬಂತು. "ಇನ್ನೊಮ್ಮೆ ಬಿಡೋ ಯಪ್ಪಾ." ಟಕ್. "ಇಲ್ಲ. ನಮ್ಮದು ಹಿಂಗ ಬಡಬಡ ಅಂತಿರಲಿಲ್ಲ. ಸ್ವಲ್ಪ ಕೆಮ್ಮಿ ಅಂತಿತ್ತು."

ಶಿವಲಿಂಗಪ್ಪ ಮತ್ತೆ ಕುಣಿಗೆ ಇಳಿದ. ಸಣ್ಣ ಕಾನಸಿನಿಂದ ಉಜ್ಜಿದ, ಎಣ್ಣೆ ಬಿಟ್ಟ, ಒರೆಸಿದ, ಮತ್ತೆ ಫೋನು ಹಚ್ಚಿದ. ಮೂರನೆಯ ದಿನ ರಂಗವ್ವ, "ಹಾಂ, ಈಗ ಹುಲ್ಲಪ್ಪನ ಅಪ್ಪನ ಕೈಯಾಗಿನ ಸದ್ದ ಬಂತು," ಎಂದಳು. ಆಮೇಲೆ ಫೋನನ್ನು ಮಗನಿಗೆ ಕೊಟ್ಟಳು.

ಮಾನವಮಿಯ ಮುಂಜಾನೆ ಶಿವಲಿಂಗಪ್ಪ ಬಂದೂಕನ್ನು ದುರ್ಗವ್ವನ ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸು ಹತ್ತಿದ. "ಏನ್ರಿ ಅಜ್ಜಾರ ಅದು?" ಎಂದು ಕಂಡಕ್ಟರ್ ಕೇಳಿದ. "ಬಂದೂಕು," ಎಂದ. ಸುತ್ತಲಿನವರು ನಕ್ಕರು. ಕಂಡಕ್ಟರ್, "ಹಂಗಾರ ಡ್ರೈವರ್ ಹಿಂದ ಕುಂದರ್ರಿ, ಸಾವಕಾಶ ಹೊಡೀತಾನ," ಎಂದು ಟಿಕೀಟು ಹರಿದು ಕೊಟ್ಟ. ಖರೆ ಹೇಳಿದರೆ ಎಷ್ಟು ಆರಾಮ ಎಂದು ಶಿವಲಿಂಗಪ್ಪನಿಗೆ ಬಾದಾಮಿಯ ತನಕ ಅನಿಸುತ್ತಿತ್ತು.

ಗುಡಿಯ ಮುಂದೆ ಕಂಬಳಿ ಹಾಸಿತ್ತು. ಕುಡುಗೋಲು, ಕೊಡಲಿ, ಉಣ್ಣೆ ಕತ್ತರಿಸುವ ಕತ್ತರಿ, ಒಂದು ಟ್ರ್ಯಾಕ್ಟರಿನ ಕೀಲಿಕೈ ಎಲ್ಲ ಸಾಲಾಗಿ ಕೂತಿದ್ದವು. ಮೊದಲ ಜಾಗ ಖಾಲಿ. ಅದಕ್ಕೆ ಆತುಕೊಂಡಂತೆ ಕಾಳಪ್ಪನ ಪಂಪು, ಕೊರಳಿಗೆ ಚೆಂಡುಹೂವಿನ ಸರ ಹಾಕಿಕೊಂಡು ಸಿದ್ಧವಾಗಿತ್ತು.

ಹುಲ್ಲಪ್ಪ ಸೀರೆ ಬಿಚ್ಚಿ ಬಂದೂಕನ್ನು ಇಟ್ಟ. ಮಂದಿ ಮುಂದೆ ಬಗ್ಗಿದರು. "ಭಾರಿ ಮಾಡ್ಯಾನ ಬಿಡಪಾ," ಎಂದರು. ಶಿವಲಿಂಗಪ್ಪ ಗುಡಿಯ ಕಟ್ಟೆಯ ಮೇಲೆ, ಏನೂ ಕೇಳಿಸದವನಂತೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕೂತ.

ಕಾಳಪ್ಪ ಬಣವೆಯಿಂದ ಒಂದು ಜೋಳದ ಕಡ್ಡಿ ತಂದು, ಬಾಗಿ, ನಳಿಗೆಯ ಬಾಯಿಗೆ ಇಟ್ಟ. ಕಡ್ಡಿ ಲಟಕ್ಕನೆ ಮುರಿಯಿತು.

"ಪೂಜಾರಪ್ಪಾ, ಇದು ಬಂದೂಕಲ್ಲ, ಬಡಿಗಿ. ಒಳಗ ಗಟ್ಟಿ ಐತಿ."

"ಉಗುರಷ್ಟ ಕುಳಿ ಐತಲ್ಲೋ," ಎಂದ ಹುಲ್ಲಪ್ಪ. "ಭಂಡಾರ ಹಿಡೀತೈತಿ."

"ಭಂಡಾರ ಬೊಗಸ್ಯಾಗೂ ಹಿಡೀತೈತಿ. ತೂತಿಲ್ಲದ್ದು ಬಂದೂಕ ಹೆಂಗಾತಲೇ? ನನ್ನ ಪಂಪಿಗೆ ತೂತರ ಐತಿ. ಒತ್ತಿದ್ರ ಹೊರಗ ಬರತೈತಿ. ನಿಂದ ಒತ್ತು, ಏನ ಬರತೈತಿ ನೋಡೂನು."

ಮಂದಿ ನಕ್ಕರು. ಪೂಜಾರಿ ಸೋಮಲಿಂಗ ನಗಲಿಲ್ಲ. ಅವನು ಭಂಡಾರದ ಚೀಲ ಹಿಡಿದುಕೊಂಡು ಬಂದೂಕನ್ನೂ ಪಂಪನ್ನೂ ಒಂದೊಂದು ಸಲ ನೋಡಿದ. "ಹುಲ್ಲಪ್ಪಾ, ಅಂವಾ ಹೇಳೂದ್ರಾಗ ತಪ್ಪಿಲ್ಲ. ಹಳೇದಕ್ಕ ತೂತಿತ್ತು, ಅದಕ್ಕಽ ಅದು ಮೊದಲ ಕುಂತಿತ್ತು."

ಹುಲ್ಲಪ್ಪ ಇಕ್ಕಟ್ಟಿಗೆ ಸಿಕ್ಕ. ಬಾಯಿ ಬಿಟ್ಟರೆ ಮುತ್ತ್ಯಾನ ಮಾನ ಹೋಗುತ್ತದೆ. ಬಿಡದಿದ್ದರೆ ಜಾಗ ಹೋಗುತ್ತದೆ. ಕೊನೆಗೆ, "ಹಳೇದಕ್ಕೂ ಇರಲಿಲ್ಲ," ಎಂದ.

"ಏನಂದಿ?"

"ಹಳೇದಕ್ಕೂ ತೂತಿಲ್ಲ. ಭಂಡಾರ ತುಂಬಿ ಕಲ್ಲಾಗೇತಿ. ಠಾಣ್ಯಾಗ ನೋಡಿ ಬಂದೇನಿ. ಈ ಕಾಕಾನ್ನ ಕೇಳ್ರಿ."

"ನೋಡ್ರಿ, ಸುಳ್ಳ ಹೇಳಾಕ ಇಳಕಲ್ಲಿಂದ ಸಾಕ್ಷಿ ತಂದಾನ," ಎಂದ ಕಾಳಪ್ಪ. "ಪೂಜಾರಿ ಹಾಕೂದು ಒಂದ ಚಿಟಿಕಿ. ಉಳದದ್ದು ಯಾರ ತುಂಬಿದ್ರಲೇ, ದೇವರೇನು?"

"ನಾ ತುಂಬೀನಿ," ಎಂದಳು ರಂಗವ್ವ.

ಅವಳು ಹೆಂಗಸರ ಸಾಲಿನಲ್ಲಿ, ಹಾಲಿನ ಚರಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಏಳಲಿಲ್ಲ. ಪಲ್ಯಕ್ಕೆ ಉಪ್ಪು ಹಾಕಿದ್ದು ಯಾರೆಂದು ಕೇಳಿದರೆ ಹೇಳುವಂತೆ ಹೇಳಿದಳು.

"ನಿನಗ ನೆನಪಿಲ್ಲ ಕಾಳಪ್ಪಾ, ನೀ ಇನ್ನೂ ಎದ್ದ ನಿಂದರ್ತಿದ್ದಿಲ್ಲ. ಬದುವಿನ ಸಲುವಾಗಿ ನಮ್ಮ ಮನಿಯವರಿಗೂ ನಿಮ್ಮಪ್ಪಗೂ ಜಗಳಾ ಹತ್ತಿತು. ಅಣ್ಣತಮ್ಮರ ಮಾತ ಬಿಟ್ರು. ಇವರು ದಿನಾ ಸಂಜೀಕ ಬಂದೂಕ ಇಳಿಸಿ ಒರಸ್ತಿದ್ರು. ಹಂದಿಗೆ ಅಂತಿದ್ರು. ಆ ವರ್ಷ ಹೊಲದಾಗ ಹಂದೀನಽ ಇರಲಿಲ್ಲ."

ರಂಗವ್ವ ತೊಡೆಯ ಮೇಲಿನ ಚರಿಗೆಯನ್ನು ಸರಿಯಾಗಿ ಇಟ್ಟುಕೊಂಡಳು.

"ಮಾನವಮಿ ಬಂತು. ದೇವರ ಭಂಡಾರಕ್ಕ ಯಾರೂ ಕೈ ಹಚ್ಚೂದಿಲ್ಲ ಅಂತ ನನಗ ಗೊತ್ತಿತ್ತು. ಪೂಜಾರಿ ಒಂದ ಚಿಟಿಕಿ ಹಾಕಿದ, ನಾ ಮನೀಗ ಬಂದು ಒಂದ ಸೇರ ಹಾಕಿದ್ನಿ. ಹಾಲ ಬಿಟ್ಟ, ಮದ್ದ ಜಡಿಯೋ ಗಜದ ಕಡ್ಡೀಲೆ ಜಡದ್ನಿ. ಮರುದಿನ ಇವರು ಕಡ್ಡಿ ಇಳಿಬಿಟ್ಟ ನೋಡಿದ್ರು. ನನ್ನ ಮಾರಿ ನೋಡಿದ್ರು. ದೇವರದು, ತಗೀಬಾರದು ಅಂದ್ನಿ. ಗ್ವಾಡಿಗೆ ತೂಗಹಾಕಿದ್ರು. ಮುಂದ ಎಂದೂ ಇಳಸಲಿಲ್ಲ, ಮಾನವಮಿಗೆ ಬಿಟ್ರ." ಚರಿಗೆಯ ಮೇಲೆ ಕೂತ ನೊಣವನ್ನು ಸೆರಗಿನಿಂದ ಓಡಿಸಿದಳು. "ನಿಮ್ಮಪ್ಪ ಮುಪ್ಪಾಗಿ, ಮೊಮ್ಮಕ್ಕಳನ್ನ ಆಡಿಸಿ, ಹೊರಸಿನ ಮ್ಯಾಲ ಸತ್ತ. ಬಂದೂಕಕ್ಕ ತೂತ ಬೇಕಿತ್ತು ಅಂತೀಯಲ್ಲ, ಹೇಳು ಮತ್ತ. ಬೇಕಿತ್ತನ?"

ಕಾಳಪ್ಪ ಕೈಯಲ್ಲಿದ್ದ ಮುರಿದ ಕಡ್ಡಿಯನ್ನು ನೋಡಿಕೊಂಡ. ಅದನ್ನು ಎಲ್ಲಿ ಒಗೆಯಬೇಕೆಂದು ತಿಳಿಯದೆ ಕಿಸೆಗೆ ಹಾಕಿಕೊಂಡ.

"ಬ್ಯಾಡಾಗಿತ್ತು, ದೊಡ್ಡವ್ವಾ," ಎಂದ.

ಆಮೇಲೆ ಕುಕ್ಕರುಗಾಲಲ್ಲಿ ಕೂತು ಪಂಪನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗೇಣು ಹಿಂದೆ ಸರಿಸಿದ. ಚೆಂಡುಹೂವಿನ ಸರವನ್ನು ತೆಗೆದು ಬಂದೂಕಿಗೆ ಹಾಕಲೋ ಬೇಡವೋ ಎಂದು ಯೋಚಿಸಿ, ಪಂಪಿಗೇ ಬಿಟ್ಟ. ಪೂಜಾರಿ ಸೋಮಲಿಂಗ ಮುಂದೆ ಬಂದು ನಳಿಗೆಯ ಕುಳಿಗೆ ಒಂದು ಚಿಟಿಕೆ ಭಂಡಾರ ಹಾಕಿ, ಹೆಬ್ಬೆರಳಿನಿಂದ ಒತ್ತಿದ. ಕುಳಿ ಅಷ್ಟಕ್ಕೇ ತುಂಬಿತು. ರಂಗವ್ವ ಎದ್ದು ಬಂದು ಹಾಲು ಎರೆದಳು. ಹಾಲು ಕಬ್ಬಿಣದ ಮೇಲೆ ಹರಿದು ಕಟ್ಟಿಗೆಯ ಅಂಚಿಗೆ ಬಂತು. ಕಟ್ಟೆಯ ಮೇಲಿದ್ದ ಶಿವಲಿಂಗಪ್ಪ ಅರ್ಧ ಎದ್ದು ಕತ್ತು ಚಾಚಿ ನೋಡಿದ. ಸಂದಿನೊಳಗೆ ಒಂದು ಹನಿಯೂ ಇಳಿಯಲಿಲ್ಲ. ಅವನು ಮತ್ತೆ ಕೂತ.

ಆ ವರ್ಷದ ಖಂಡೇ ಪೂಜೆಯಲ್ಲಿ ಬಂದೂಕು ಮೊದಲನೆಯದು, ಪಂಪು ಎರಡನೆಯದು.